ಹನ್ನೊಂದು ತಿಂಗಳ ಕರಾರು

ಚನ್ನರಾಯಪಟ್ಟಣದಿಂದ ತಿಪಟೂರಿಗೆ ಹೋಗುವ ದಾರಿಯಲ್ಲಿರುವ ನುಗ್ಗೇಹಳ್ಳಿಯಂಥ ಊರಿನಲ್ಲಿ ಮಗನು ಕಾಲೇಜಿಗೆ ಸೇರಿದನೆಂದರೆ ಮನೆಯಲ್ಲಿ ಸಂತೋಷವೂ ಚಿಂತೆಯೂ ಒಟ್ಟಿಗೇ ಕಾಲಿಡುತ್ತವೆ. ಹಾಸನದಲ್ಲಿಯೋ ಮೈಸೂರಿನಲ್ಲಿಯೋ ಸೀಟು ದೊರೆಯಿತೆಂಬ ಸಂತೋಷ. ಹಾಸ್ಟೆಲಿನಲ್ಲಿ ಜಾಗ ದೊರೆಯಲಿಲ್ಲವೆಂಬ ಚಿಂತೆ. ತಾಯಿ ಚಟ್ನಿಪುಡಿಯ ಡಬ್ಬಿ ತುಂಬುತ್ತಾಳೆ. ತಂದೆ ಕೊಬ್ಬರಿ ಮಾರಿ ಬಂದ ಹಣವನ್ನು ಮತ್ತೊಮ್ಮೆ ಎಣಿಸುತ್ತಾನೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಉಂಡೆ ಕೊಬ್ಬರಿಯಾದ ತೆಂಗಿನಕಾಯಿಗಳೇ ಈಗ ಕಂಡರಿಯದ ಮನೆಯೊಡೆಯನೊಬ್ಬನ ಕೈಯಲ್ಲಿ ‘ಅಡ್ವಾನ್ಸ್’ ಆಗಬೇಕಾಗಿದೆ.

ಹಿಂದಿನ ತಲೆಮಾರಿನ ಬಡ ಹುಡುಗರು ವಾರಾನ್ನ ಉಂಡು, ಪರಿಚಯದವರ ಜಗಲಿಯಲ್ಲಿ ಮಲಗಿ ಓದಿದರು. ಅಲ್ಲಿ ಕಾಗದವಿರಲಿಲ್ಲ, ಮುಲಾಜಿತ್ತು. ಮುಲಾಜಿನ ಬಾಳು ಸುಖದ್ದೆಂದು ಯಾರೂ ಹೇಳಲಾರರು. ಈಗ ಅದರ ಸ್ಥಾನಕ್ಕೆ ಛಾಪಾಕಾಗದ ಬಂದಿದೆ. ಹುಡುಗನು ತನ್ನ ಹೆಸರಿನ ಕಾಗುಣಿತ ಸರಿಯಾಗಿದೆಯೇ ಎಂದಷ್ಟೇ ನೋಡುತ್ತಾನೆ, “ದೊಡ್ಡವರು ಬರೆಸಿದ ಮೇಲೆ ಸರಿಯಾಗಿಯೇ ಇರುತ್ತೆ ಬಿಡಪ್ಪ” ಎಂದು ತಂದೆ ಹೇಳುತ್ತಾನೆ, ರುಜು ಬಿದ್ದುಹೋಗುತ್ತದೆ.

ರುಜುವೆಂಬುದು ನುಗ್ಗೇಹಳ್ಳಿಗೆ ಹೊಸದೇನಲ್ಲ. 1246ರಲ್ಲಿ ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರು ಅವರು ಕಡೆದ ವಿಗ್ರಹಗಳ ಬಳಿ ಇಂದಿಗೂ ಕಾಣುತ್ತದೆ. ಅವರದು ಮಾಡಿದ ಕೆಲಸದ ಮೇಲಿನ ಹೆಸರು. ಬಾಡಿಗೆಯ ಕಾಗದದಲ್ಲಾದರೋ ಹೆಸರು ಮೊದಲು, ಆಗುವುದೆಲ್ಲ ಆಮೇಲೆ.

ಕರಾರು ಹನ್ನೊಂದೇ ತಿಂಗಳಿಗೇಕೆ? ಒಂದು ವರ್ಷವನ್ನು ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕೆಂದು ಕಾಯಿದೆಯಿದೆ. ಆ ಖರ್ಚು, ಓಡಾಟಗಳನ್ನು ತಪ್ಪಿಸಿಕೊಳ್ಳುವ ಉಪಾಯವಿದು. ಇದರಲ್ಲಿ ಮೋಸವಿಲ್ಲ. ಆದರೆ ಕಾಲೇಜಿನ ವರ್ಷಕ್ಕೂ ಮನೆಯೊಡೆಯನ ವರ್ಷಕ್ಕೂ ಹೊಂದಿಕೆಯಿಲ್ಲ. ಪರೀಕ್ಷೆ ಮುಗಿಸಿ ಊರಿಗೆ ಬಂದ ಹುಡುಗನು ಬೀಗ ಹಾಕಿದ ಕೋಣೆಗೆ ಬಾಡಿಗೆ ತೆರುತ್ತಿರುತ್ತಾನೆ. ನಡುವೆ ಬಿಡುವುದಾದರೆ ಎಷ್ಟು ದಿನ ಮುಂಚೆ ತಿಳಿಸಬೇಕು? ಕಾಗದ ಮೌನವಾಗಿದ್ದರೆ, ತಿಂಗಳ ಬಾಡಿಗೆಯ ಮನೆಗೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ ಹದಿನೈದು ದಿನದ ನೋಟೀಸು ಸಾಕು. ಕಾಗದ ಎರಡು ತಿಂಗಳೆಂದರೆ ಎರಡು ತಿಂಗಳೇ.

ಪಿಯುಸಿ ಹುಡುಗನಾದರೆ ಮಾತೇ ಬೇರೆ. ಹದಿನೆಂಟು ತುಂಬದವನು ಮಾಡಿದ ಕರಾರು ಕರಾರೇ ಅಲ್ಲವೆಂದು ಪ್ರೀವಿ ಕೌನ್ಸಿಲ್ 1903ರಲ್ಲಿಯೇ ತೀರ್ಪಿತ್ತಿತು. ಕಾಗದ ತಂದೆಯ ಹೆಸರಿನಲ್ಲಿರುವುದೇ ಕ್ಷೇಮ.

ಎಲ್ಲಕ್ಕಿಂತ ಸೂಕ್ಷ್ಮವಾದುದು ಗೆಳೆಯರ ಸಂಗತಿ. ಮೂವರು ಸೇರಿ ಕೋಣೆ ಹಿಡಿಯುತ್ತಾರೆ. ಮೂವರೂ ರುಜು ಹಾಕುತ್ತಾರೆ. ಬಾಡಿಗೆಯನ್ನು ಮೂರು ಪಾಲು ಮಾಡುತ್ತಾರೆ. ಆದರೆ ಆ ಮೂರು ಪಾಲು ಅವರ ಮನಸ್ಸಿನಲ್ಲಿದೆಯೇ ಹೊರತು ಕಾಗದದಲ್ಲಿಲ್ಲ. ಕೂಡಿ ಮಾತು ಕೊಟ್ಟವರಲ್ಲಿ ಯಾರೊಬ್ಬನಿಂದಲಾದರೂ ಪೂರ್ತಿ ಹಣವನ್ನು ಕೇಳಬಹುದೆಂದು 1872ರ ಕರಾರು ಕಾಯಿದೆಯ 43ನೆಯ ಕಲಮು ಹೇಳುತ್ತದೆ. ಅಕ್ಟೋಬರಿನಲ್ಲಿ ಒಬ್ಬನಿಗೆ ಬೇರೆ ಊರಿನಲ್ಲಿ ಸೀಟು ಸಿಕ್ಕಿತೆನ್ನಿ. ಹಾಸಿಗೆ ಸುತ್ತಿಕೊಂಡು ಹೊರಟೇಬಿಟ್ಟನು. ಉಳಿದವರಿಬ್ಬರು ಅವನ ಪಾಲನ್ನೂ ಹೊರಬೇಕು. ಹೋದವನಿಂದ ಕೇಳಿ ಪಡೆಯುವ ಹಕ್ಕು ಅವರಿಗುಂಟು. ಆದರೆ ಗೆಳೆಯನ ಮೇಲೆ ಯಾವ ಹುಡುಗ ಕೋರ್ಟಿಗೆ ಹೋದಾನು? ಒಬ್ಬನು ಬಿಟ್ಟರೆ ಬದಲಿಯನ್ನು ಯಾರು ಹುಡುಕಬೇಕೆಂದು ಮೊದಲೇ ಬರೆದಿಟ್ಟುಕೊಳ್ಳಲು ಅವರಿಗೆ ನಾಚಿಕೆ. ಸ್ನೇಹ ಕೆಡುವುದು ಸಾಮಾನ್ಯವಾಗಿ ಈ ನಾಚಿಕೆಯಿಂದಲೇ.

ಇನ್ನು ಅಡ್ವಾನ್ಸು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಕೇಳುವ ರೂಢಿ ಬಹುಕಾಲ ನಡೆಯಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಕೂಡದೆಂದು ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯಿದೆ ಹೇಳುತ್ತದಾದರೂ, ರಾಜ್ಯಗಳು ಅಂಗೀಕರಿಸಿದಲ್ಲಿ ಮಾತ್ರ ಅದಕ್ಕೆ ಬಲ. ಕೊಟ್ಟ ಹಣ ಹಿಂದಿರುಗುವಾಗ ಸುಣ್ಣಬಣ್ಣದ ಹೆಸರಿನಲ್ಲಿ ಕರಗುತ್ತದೆ. ಬಳಕೆಯಿಂದ ಸಹಜವಾಗಿ ಆಗುವ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲವೆಂದು ಕಾನೂನು. ಆದರೆ ‘ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳತಕ್ಕದ್ದು’ ಎಂಬ ಸಾಲಿಗೆ ರುಜು ಹಾಕಿದವನು ಆ ಕಾನೂನಿನ ಆಸರೆಯನ್ನು ತಾನೇ ಬಿಟ್ಟುಕೊಟ್ಟಂತೆ. ಗೋಡೆಯ ಮೊಳೆ, ಒಡೆದ ಕಿಟಕಿಯ ಗಾಜು, ಸೋರುವ ನಲ್ಲಿ, ಇವುಗಳ ಚಿತ್ರವನ್ನು ಮೊದಲ ದಿನವೇ ಮೊಬೈಲಿನಲ್ಲಿ ತೆಗೆದು ಮನೆಯೊಡೆಯನಿಗೂ ಕಳುಹಿಸಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಈ ಪುಟವನ್ನು ಓದುವ ಸಂಸಾರಗಳಲ್ಲಿ ಮಹಡಿಯ ಕೋಣೆಯನ್ನು ಹುಡುಗರಿಗೆ ಕೊಟ್ಟವರೂ ಇದ್ದಾರು. ಅವರದೂ ಭಯವೇ: ನಡುರಾತ್ರಿಯ ಗದ್ದಲ, ಬಾಕಿಯುಳಿದ ಕರೆಂಟ್ ಬಿಲ್ಲು. ನಿವೃತ್ತರಾದ ಎಷ್ಟೋ ಮೇಷ್ಟರ ಮನೆಯಲ್ಲಿ ಆ ಬಾಡಿಗೆಯೇ ಔಷಧಿಯ ಖರ್ಚು. ಅಂಥವರು ಕಾಗದವನ್ನು ಕನ್ನಡದಲ್ಲಿ ಬರೆಸಿ, ಹುಡುಗನ ತಂದೆಯ ಮುಂದೆ ಗಟ್ಟಿಯಾಗಿ ಓದಿ ಹೇಳಿದರೆ ಅರ್ಧ ಗಂಟೆಯ ಕೆಲಸ. ಓದಲು ಬಿಡದೆ ‘ಬೇಗ ರುಜು ಹಾಕಿ, ಬೇರೆಯವರು ಕಾದಿದ್ದಾರೆ’ ಎನ್ನುವ ದಲ್ಲಾಳಿಯಿದ್ದರೆ ಅವನಿಗೆ ನಮಸ್ಕಾರ ಹೇಳಿ ಹೊರಡುವುದು ಒಳ್ಳೆಯದು.

ಮನೆ ನಿಜವಾಗಿ ಅವರದೇ ಎಂಬುದಕ್ಕೆ ಕಂದಾಯದ ರಸೀದಿಯನ್ನು ಕೇಳುವುದು ಅವಮಾನವಲ್ಲ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡುವುದು, ನಗದಾದರೆ ರಸೀದಿ ಪಡೆಯುವುದು. ಒಳಗೆ ಹೋದ ದಿನ ಮೀಟರಿನ ಅಂಕಿಯನ್ನು ಬರೆದಿಟ್ಟುಕೊಳ್ಳುವುದು. ಭದ್ರತೆಗೆಂದು ಅಸಲು ಅಂಕಪಟ್ಟಿಯನ್ನು ಕೇಳಿದರೆ ಮಾತ್ರ ಜೆರಾಕ್ಸ್ ಪ್ರತಿ ಕೊಟ್ಟು, ಅಸಲನ್ನು ಬಸ್ಸಿನಲ್ಲಿ ತಂದೆಯ ಜೊತೆ ಊರಿಗೆ ಕಳುಹಿಸಿಬಿಡಬೇಕು.