ಬ್ಯಾಟರಿ ಕೆಟ್ಟಿದ್ದಿಲ್ಲ
ಮೂರು ದಿನ ನಿಂತಿದ್ದ ಕಾರು, ಮುಂಜಾನೆ ಕೀಲಿ ತಿರುವಿದರ ಬರೇ ಟಕ್ ಟಕ್. ಜಮಖಂಡಿಗೆ ಹೋಗೂದಿತ್ತು. ಓಣಿ ಹುಡುಗರು ನೂಕಿದರು, ಅಲ್ಲಮಪ್ರಭು ಗುಡಿ ಕಡೆ ಹೋಗೂ ರಸ್ತೆದಾಗ ಚಾಲೂ ಆತು. ಈ ತಿಂಗಳದಾಗ ಇದು ಮೂರನೇ ಸಲ. ಕೇಳಿದವರೆಲ್ಲಾ ಹೇಳಿದ್ದು ಒಂದೇ: ಹೊಸಾ ಬ್ಯಾಟರಿ ಹಾಕ್ರಿ.

ಸಂಜಿಗೆ ತೇರದಾಳದಾಗೇ ಒಬ್ಬ ಹುಡುಗ ಮೀಟರ್ ತಂದ. ಎಂಜಿನ್ ಚಾಲೂ ಇದ್ದಾಗ 14.2 ವೋಲ್ಟ್, ಅಂದರ ಚಾರ್ಜಿಂಗ್ ಬರೋಬ್ಬರಿ. ಬಂದ್ ಮಾಡಿ, ನೆಗೆಟಿವ್ ವೈರ್ ಬಿಚ್ಚಿ, ನಡುವ ಮೀಟರ್ ಹಚ್ಚಿದ. ನಿಂತ ಗಾಡಿ ಎಳಿಯೂ ಕರೆಂಟ್ 50 ಮಿಲಿಆಂಪ್ ಒಳಗ ಇರಬೇಕಾದ್ದು 400 ದಾಟಿತ್ತು! ಒಂದೊಂದೇ ಫ್ಯೂಸ್ ಕೀಳ್ತಾ ಹೋದ. ಒಂದು ಕಿತ್ತ ಕೂಡಲೇ ಅಂಕಿ ಸರ್ರನೆ ಇಳೀತು. ಡಿಕ್ಕಿ ದೀಪ. ಮುಚ್ಚಿದರೂ ಸ್ವಿಚ್ ಒತ್ತತಿರಲಿಲ್ಲ, ಒಳಗ ಹಗಲೂ ರಾತ್ರಿ ಉರೀತಿತ್ತು. ಬೆರಳುದ್ದದ 5 ವ್ಯಾಟ್ ಬಲ್ಬು. ಮೂರು ದಿನದಾಗ 30 ಆಂಪಿಯರ್-ಅವರ್ ಕುಡೀತದ. ನಮ್ಮ ಬ್ಯಾಟರಿ ಇರೋದೇ 35.

ಆ ಹುಡುಗನ ತಾಳ್ಮಿ ನೋಡಿ ಖರೇನ ಮನಸು ತುಂಬಿತು. ನಾಲ್ಕೈದು ಸಾವಿರ ಕೊಟ್ಟು ಬ್ಯಾಟರಿ ತರೂ ಮೊದಲು ಒಮ್ಮೆ ಮೀಟರ್ ಹಚ್ಚಿಸ್ರಿ. ನಿಮ್ಮ ಗಾಡ್ಯಾಗ ಹಿಂಗ ಆಗಿದ್ರ, ಕಳ್ಳ ಎಲ್ಲಿ ಸಿಕ್ಕ ಅಂತ ಕೆಳಗ ಬರೀರಿ.