ಕ್ಯಾಸೆಟ್ಟಿನ ಒಂದು ಬದಿ

ಅಮೆರಿಕದ ಡೆತ್ ಏಂಜೆಲ್ ತಂಡದ ಮೊದಲ ಆಲ್ಬಂ ‘ದಿ ಅಲ್ಟ್ರಾ-ವಯಲೆನ್ಸ್’ ಬಂದದ್ದು 1987ರ ಏಪ್ರಿಲ್‌ನಲ್ಲಿ, ಎನಿಗ್ಮಾ ಎಂಬ ಸಣ್ಣ ಕಂಪನಿಯಿಂದ. ಅಬ್ಬರದ ರಾಕ್ ಪ್ರಕಾರವಾದ ಥ್ರ್ಯಾಷ್ ಮೆಟಲ್‌ಗೆ ಅದು ಸುಗ್ಗಿಯ ಕಾಲ. ಹಿಂದಿನ ವರ್ಷವಷ್ಟೇ ಮೆಟಾಲಿಕಾದ ‘ಮಾಸ್ಟರ್ ಆಫ್ ಪಪೆಟ್ಸ್’, ಸ್ಲೇಯರ್‌ನ ‘ರೇನ್ ಇನ್ ಬ್ಲಡ್’ ಬಂದಿದ್ದವು. ಆ ದೊಡ್ಡವರ ಗದ್ದಲದ ನಡುವೆ ಬಂದವರು ಈ ಹುಡುಗರು.

ನಿಜಕ್ಕೂ ಹುಡುಗರೇ. ಐವರೂ ಸ್ಯಾನ್ ಫ್ರಾನ್ಸಿಸ್ಕೊ ಆಸುಪಾಸಿನ ಫಿಲಿಪಿನೊ ಮೂಲದವರು, ಒಂದೇ ಬಂಧುಬಳಗದ ಮಕ್ಕಳು. ಯಾರಿಗೂ ಇಪ್ಪತ್ತು ತುಂಬಿರಲಿಲ್ಲ. ಡ್ರಮ್ಸ್ ನುಡಿಸಿದ ಆಂಡಿ ಗೇಲಿಯನ್‌ಗೆ ಆಗ 14 ವರ್ಷ. ಮುಂಬಯಿ ಬಳಿಯ ಡೊಂಬಿವಲಿಯ ಕನ್ನಡ ಮನೆಯಲ್ಲಾಗಿದ್ದರೆ ಅದು ಎಸ್ಸೆಸ್ಸಿಗೆ ಯಾವ ಕ್ಲಾಸಿಗೆ ಸೇರಿಸುವುದೆಂದು ಅಪ್ಪ-ಅಮ್ಮ ತಲೆಕೆಡಿಸಿಕೊಳ್ಳುವ ವಯಸ್ಸು. ಈತನ ಕೈಚಳಕವೋ, ಯಕ್ಷಗಾನದ ಯುದ್ಧದ ಪದ್ಯಕ್ಕೆ ಭಾಗವತರನ್ನೇ ಹಿಂದಿಕ್ಕಿ ಓಡುವ ಚೆಂಡೆಯಂತೆ. ಗಿಟಾರ್‌ಗಳು ತಿರುವು ತೆಗೆದುಕೊಳ್ಳುವ ಮೊದಲೇ ಡ್ರಮ್ಸ್ ಆಚೆ ಬದಿ ತಲುಪಿರುತ್ತದೆ. ತಪ್ಪೆಂದರೆ ತಪ್ಪೇ, ಆದರೆ ಪಳಗಿದ ಕೈಗಳಿಗೆ ಇಂಥ ತಪ್ಪು ಮಾಡಲು ಬರುವುದಿಲ್ಲ. ಶೀರ್ಷಿಕೆಯ ಹೆಸರಿನ ರಚನೆಯಂತೂ ಹತ್ತೂವರೆ ನಿಮಿಷದ್ದು, ಸಾಹಿತ್ಯವಿಲ್ಲದ ಬರೀ ವಾದ್ಯಸಂಗೀತ. ಚೊಚ್ಚಲ ಆಲ್ಬಮ್ಮಿನ ಕಾಲು ಭಾಗವನ್ನು ಹಾಡೇ ಇಲ್ಲದ ಹಾಡಿಗೆ ಬಿಟ್ಟುಕೊಡುವ ಧೈರ್ಯ ಆ ವಯಸ್ಸಿಗೇ ಸರಿ.

ಇದಕ್ಕೂ ಮುಂಚೆ ಮೆಟಾಲಿಕಾದ ಕರ್ಕ್ ಹ್ಯಾಮೆಟ್ ಈ ಹುಡುಗರಿಗೆ ‘ಕಿಲ್ ಆ್ಯಸ್ ಒನ್’ ಎಂಬ ಡೆಮೊ ಟೇಪ್ ಮಾಡಿಕೊಟ್ಟಿದ್ದ. ಅದು ಕೈಯಿಂದ ಕೈಗೆ ನಕಲಾಗುತ್ತ ಎಲ್ಲಿಗೆ ಮುಟ್ಟಿತೆಂದರೆ, ಆಲ್ಬಂ ಹೊರಬರುವ ಮೊದಲೇ ದೂರದ ನ್ಯೂಯಾರ್ಕಿನ ಶ್ರೋತೃಗಳು ತಂಡದ ಜೊತೆ ದನಿಗೂಡಿಸುತ್ತಿದ್ದರು.

ಆಗ ಇತ್ತ ಠಾಣೆ, ಕಲ್ಯಾಣ್ ಕಡೆಯ ಮೆಟಲ್ ಪ್ರಿಯರಿಗೂ ನಕಲು ಕ್ಯಾಸೆಟ್ಟೇ ಗತಿಯಾಗಿತ್ತು. ಇಲ್ಲಿ ಒಂದು ಲೆಕ್ಕವಿದೆ. ‘90’ರ ಖಾಲಿ ಕ್ಯಾಸೆಟ್ಟಿನ ಒಂದು ಬದಿ 45 ನಿಮಿಷ, ಈ ಆಲ್ಬಮ್ಮೂ ಹೆಚ್ಚುಕಡಿಮೆ ಅಷ್ಟೇ. ಎರಡೇ ನಿಮಿಷದ ಕೊನೆಯ ತುಣುಕು ‘ಐ.ಪಿ.ಎಫ್.ಎಸ್.’ ಪೂರ್ತಿ ಹಿಡಿಯುವುದು, ಅರ್ಧಕ್ಕೆ ತುಂಡಾಗುವುದು ಟೇಪಿನ ಕೃಪೆ. ಮುಂಬಯಿಯ ಆಗಿನ ವಿ.ಟಿ. ನಿಲ್ದಾಣದಿಂದ ಕಲ್ಯಾಣಕ್ಕೆ 54 ಕಿಲೋಮೀಟರ್, ಸ್ಲೋ ಲೋಕಲ್‌ಗೆ ಸುಮಾರು ಒಂದೂವರೆ ಗಂಟೆ. ಅಂದರೆ ಎರಡೂ ಬದಿ. ಫಾಸ್ಟ್ ಲೋಕಲ್ ಹಿಡಿದವರಿಗೆ ಸಮಯ ಉಳಿಯುತ್ತಿತ್ತು, ಸಂಗೀತ ಉಳಿಯುತ್ತಿರಲಿಲ್ಲ. ಆಗಿನ ಫಾಸ್ಟ್ ಗಾಡಿಗಳು ಕಳವಾ ದಾಟಿದ ಮೇಲೆ 1916ರಲ್ಲಿ ತೆರೆದ, 1.3 ಕಿಲೋಮೀಟರ್ ಉದ್ದದ ಪಾರ್ಸಿಕ್ ಸುರಂಗವನ್ನು ಹೊಗುತ್ತಿದ್ದವು. ತೆರೆದ ಬಾಗಿಲಿನ ಡಬ್ಬಿಯೊಳಕ್ಕೆ ನುಗ್ಗುವ ಆ ಆರ್ಭಟದ ಮುಂದೆ ವಾಕ್‌ಮನ್ನಿನ ಥ್ರ್ಯಾಷ್ ಕೂಡ ತೆಪ್ಪಗಾಗಬೇಕು. ಸ್ಲೋ ಗಾಡಿಗೆ ಆ ಕಾಟವಿಲ್ಲ, ಅದು ಗುಡ್ಡ ಬಳಸಿ ಮುಂಬ್ರಾ ಮೇಲಿಂದ ಹೋಗುತ್ತದೆ. ಹತ್ತೂವರೆ ನಿಮಿಷದ ರಚನೆಗೆ ಸ್ಲೋ ಲೋಕಲ್ಲೇ ಲಾಯಕ್ಕು. ನವಿ ಮುಂಬಯಿಯ ಪಾಡು ಬೇರೆ. ವಾಶಿಗೆ ರೈಲು ಬಂದದ್ದೇ 1992ರಲ್ಲಿ, ಠಾಣೆಗೆ ನೇರ ಲೋಕಲ್ 2004ರಲ್ಲಿ. ಅಲ್ಲಿಯವರೆಗೆ ವಾಶಿಯ ಕ್ಯಾಸೆಟ್ಟು ರೈಲಿನಲ್ಲಿ ಡೊಂಬಿವಲಿ ಸೇರಬೇಕಾದರೆ ಕುರ್ಲಾ ಸುತ್ತಿಯೇ ಬರಬೇಕಿತ್ತು.

ಡೆತ್ ಏಂಜೆಲ್ ಆಮೇಲೆ ‘ಫ್ರಾಲಿಕ್ ಥ್ರೂ ದಿ ಪಾರ್ಕ್’ (1988), ‘ಆ್ಯಕ್ಟ್ III’ (1990) ತಂದಿತು. ಇವುಗಳಲ್ಲಿ ‘ಆ್ಯಕ್ಟ್ III’ ಗೆಫೆನ್‌ನಂಥ ದೊಡ್ಡ ಕಂಪನಿಯದು, ಹೆಚ್ಚು ನಯವಾದದ್ದು. ವಿಮರ್ಶಕರ ಒಲವು ಅದರ ಕಡೆಗೇ. 1990ರಲ್ಲಿ ಅರಿಜೋನಾದಲ್ಲಿ ತಂಡದ ಬಸ್ಸು ಅಪಘಾತಕ್ಕೀಡಾಗಿ ಗೇಲಿಯನ್‌ಗೆ ತೀವ್ರ ಪೆಟ್ಟಾಯಿತು. ಚೇತರಿಕೆಗೆ ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ತಂಡ ಒಡೆದಿತ್ತು. 2001ರಲ್ಲಿ, ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿದ್ದ ಟೆಸ್ಟಮೆಂಟ್ ತಂಡದ ಗಾಯಕ ಚಕ್ ಬಿಲ್ಲಿಯ ಸಹಾಯಾರ್ಥ ನಡೆದ ಕಛೇರಿಗಾಗಿ ಮತ್ತೆ ಕೂಡಿತು, ಅಲ್ಲಿಂದ ನಿಂತಿಲ್ಲ. ‘ಹ್ಯೂಮನಿಸೈಡ್’ (2019) ಆಲ್ಬಮ್ಮಿನ ಶೀರ್ಷಿಕೆ ಗೀತೆ ಗ್ರ್ಯಾಮಿಗೆ ನಾಮನಿರ್ದೇಶನಗೊಂಡಿತು. ಅಷ್ಟು ಹೊತ್ತಿಗೆ ಮೊದಲ ಐವರಲ್ಲಿ ತಂಡದಲ್ಲಿದ್ದವರು ಗಿಟಾರಿನ ರಾಬ್ ಕ್ಯಾವೆಸ್ಟನಿ ಮತ್ತು ಗಾಯಕ ಮಾರ್ಕ್ ಒಸೆಗ್ವೆಡ ಮಾತ್ರ.