ತೇರೂ ಬಂಡಿಯೂ

ಉತ್ತರ ಜರ್ಮನಿಯ ವಿಶಾಲವಾದ ಬಯಲಿನಲ್ಲಿ ಮಿಟೆಲ್‌ಲಾಂಡ್ ಕಾಲುವೆ ಪೂರ್ವ ಪಶ್ಚಿಮವಾಗಿ ಚಾಚಿಕೊಂಡಿದೆ. ಅದರ ದಂಡೆಯ ಮೇಲಿರುವ ವೋಲ್ಫ್ಸ್‌ಬರ್ಗ್ ನಗರದಲ್ಲಿ ರೈಲಿನಿಂದಿಳಿದ ಪ್ರವಾಸಿಗನ ದೃಷ್ಟಿಗೆ ಮೊದಲು ಬೀಳುವುದು ಕೋಟೆಯಲ್ಲ, ಗೋಪುರವೂ ಅಲ್ಲ. ನೀರಿನಾಚೆ ಸಾಲಾಗಿ ನಿಂತಿರುವ ನಾಲ್ಕು ಹೊಗೆಗೂಡುಗಳು. 1938ರಲ್ಲಿ ಕಾರಿನ ಕಾರ್ಖಾನೆಗಾಗಿಯೇ ಹುಟ್ಟಿದ ಊರಿದು. ಲೋಕಪ್ರಸಿದ್ಧವಾದ ಫೋಕ್ಸ್‌ವ್ಯಾಗನ್ ಬೀಟ್ಲ್ ಕಾರಿನ ತವರು. ಆ ಬೀಟ್ಲ್‌ನ ವಂಶದಲ್ಲಿ ಎರಡು ಮಕ್ಕಳು ಹುಟ್ಟಿದುವು: ಒಂದು ದುಡಿಯುವ ಬಂಡಿ, ಇನ್ನೊಂದು ಮೆರೆಯುವ ತೇರು.

ಬಂಡಿಯ ಕಥೆ ಸರಳವಾದದ್ದು. 1947ರಲ್ಲಿ ಕಾರ್ಖಾನೆಗೆ ಬಂದಿದ್ದ ಬೆನ್ ಪೊನ್ ಎಂಬ ಡಚ್ ವರ್ತಕರು, ಬೀಟ್ಲ್‌ನ ಭಾಗಗಳಿಂದ ಕಟ್ಟಿದ ಚಪ್ಪಟೆ ಗಾಡಿಗಳಲ್ಲಿ ಕೆಲಸಗಾರರು ಸಾಮಾನು ಸಾಗಿಸುತ್ತಿದ್ದುದನ್ನು ಕಂಡರು. ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಪೆಟ್ಟಿಗೆಯಂಥ ವಾಹನವೊಂದರ ರೇಖಾಚಿತ್ರವನ್ನು ಗೀಚಿದರು. 1950ರಲ್ಲಿ ಆ ಪೆಟ್ಟಿಗೆ ರಸ್ತೆಗಿಳಿಯಿತು. ಎಂಜಿನ್ನು ಹಿಂದೆ, ಚಾಲಕನ ಪೀಠ ಮುಂದಿನ ಗಾಲಿಗಳ ಮೇಲೆ. ನಡುವಿನ ಜಾಗವೆಲ್ಲ ಮನೆಮಂದಿಗೆ. ಎಂಟು ಜನರನ್ನು ಹೊತ್ತು ಸಾಗಲು ಅದಕ್ಕಿದ್ದುದು ಕೇವಲ 25 ಅಶ್ವಶಕ್ತಿ. ಏರು ಬಂದರೆ ಏದುಸಿರು; ಆದರೂ ಬೇಡಿಕೆ ಬೆಳೆದು, 1956ರಲ್ಲಿ ಅದರ ತಯಾರಿಕೆ ಪಶ್ಚಿಮದ ಹಾನೋವರ್ ನಗರಕ್ಕೆ ಸಾಗಿತು.

ಇನ್ನೂ ಪಶ್ಚಿಮಕ್ಕೆ ಹೋದರೆ, 1648ರ ವೆಸ್ಟ್‌ಫೇಲಿಯಾ ಶಾಂತಿಸಂಧಾನದಿಂದ ಇತಿಹಾಸದಲ್ಲಿ ಹೆಸರಾದ ಓಸ್ನಾಬ್ರೂಕ್. ಕುದುರೆಗಾಡಿಗಳ ಕಾಲದಿಂದಲೂ ಕಸುಬು ನಡೆಸಿ ಬಂದ ಕಾರ್ಮನ್ ಸಂಸ್ಥೆ ಈ ಊರಿನದು. ಇಟಲಿಯ ಟ್ಯೂರಿನ್ ನಗರದ ಗಿಯಾ ಸಂಸ್ಥೆ ರೂಪಿಸಿದ ಒಡಲನ್ನು ಕಾರ್ಮನ್‌ನ ಕುಶಲಿಗಳು 1955ರಿಂದ ಬೀಟ್ಲ್‌ನ ಅಡಿಗಟ್ಟಿನ ಮೇಲೆ ಕೂರಿಸಿದರು. ತಗಡಿನ ತುಂಡುಗಳನ್ನು ಬೆಸೆದು, ಬೆಸುಗೆಯ ಗುರುತೂ ಉಳಿಯದಂತೆ ಕೈಯಿಂದಲೇ ತಿದ್ದಿ ನಯಗೊಳಿಸುತ್ತಿದ್ದರು. ಹೀಗೆ ಮೈದಳೆದ ಕಾರ್ಮನ್ ಗಿಯಾ ಕೂಪೆಯನ್ನು ನೋಡಿದವರು ಮರುಳಾದರು. ಆದರೆ ಆ ಚೆಲುವಿನ ಒಳಗಿದ್ದುದೂ ಬೀಟ್ಲ್‌ನ 30 ಅಶ್ವಶಕ್ತಿಯ ಹೃದಯವೇ! ನೋಟಕ್ಕೆ ಪಂದ್ಯದ ಕುದುರೆ, ಓಟಕ್ಕೆ ಮನೆಯ ಕುದುರೆ. ಹಿಂದಿನ ಪೀಠವಂತೂ ಮಕ್ಕಳಿಗೂ ಇಕ್ಕಟ್ಟು.

ಮೊದಲ ತಲೆಮಾರಿನ ಬಂಡಿ ಜರ್ಮನಿಯಲ್ಲಿ 1967ರಲ್ಲಿಯೂ ಕೂಪೆ 1974ರಲ್ಲಿಯೂ ನಿಂತುಹೋದುವು. ಕಾರ್ಮನ್ ಸಂಸ್ಥೆಯೇ 2009ರಲ್ಲಿ ದಿವಾಳಿಯಾಯಿತು. ಕಾಲದ ನಿಜವಾದ ವಿನೋದ ತೋರಿದುದು ಆಮೇಲೆ. ಕೂಪೆಯನ್ನು ಕೊಂಡವರು ನೆರಳಿನಲ್ಲಿಟ್ಟು ಒರೆಸಿದರು. ಬಂಡಿಯನ್ನು ಕೊಂಡವರು ಮಳೆಯಲ್ಲಿ ನಿಲ್ಲಿಸಿ ದುಡಿಸಿದರು, ತುಕ್ಕು ತಿಂದೊಡನೆ ಗುಜರಿಗೆ ನೂಕಿದರು. ಇದರಿಂದ, ಇಪ್ಪತ್ತಮೂರು ಕಿಟಕಿಗಳ ಹಳೆಯ ಬಂಡಿಯೊಂದು ಸುಸ್ಥಿತಿಯಲ್ಲಿ ಉಳಿದು ಬಂದಿದ್ದರೆ, ಇಂದಿನ ಹರಾಜಿನಲ್ಲಿ ಅದು ಕೂಪೆಯ ಬೆಲೆಯನ್ನು ಎಷ್ಟೋ ಸಲ ಬಹುದೂರ ಮೀರಿಸುತ್ತದೆ.

ಹೀಗೆ ಬಂಡಿ ತೇರಾಯಿತು. ಸಂಗ್ರಾಹಕರ ಮನೆಯಲ್ಲಿ ಅದು ಥಳಥಳಿಸುತ್ತ ನಿಂತಿದೆ. ಗಾಜಿನ ಮೇಲೆ ಒಂದು ಮಗುವಿನ ಬೆರಳಚ್ಚೂ ಇಲ್ಲ. ಕೂಪೆಗೆ ಅದರ ಚೆಲುವೊಂದೇ ಸಾಕು, ನಿಂತಲ್ಲಿಯೂ ಅದು ಪೂರ್ಣವೇ. ಆದರೆ ಎಂಟು ಪೀಠಗಳ ಬಂಡಿ, ಕುಳಿತುಕೊಳ್ಳುವವರಿಲ್ಲದೆ, ಎಷ್ಟು ಬೆಲೆಬಾಳಿದರೂ ಬರಿದಾಗಿಯೇ ಕಾಣುತ್ತದೆ.